ಮಳೆಗೆ ಮುಂಚಿನ ಗೊಬ್ಬರ

ಹಸು ಅರ್ಧ ಹಾಲು ಇಳಿಸಿತ್ತು, ಇನ್ನರ್ಧ ಕೆಚ್ಚಲಲ್ಲೇ ಇತ್ತು. ಅಷ್ಟರಲ್ಲಿ ತಂಗಿಯ ಗಂಡ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. ಗುಡ್ಡದ ಬುಡದಲ್ಲಿರುವ ತನ್ನ ಮನೆಯಿಂದ ಏರು ದಾರಿಯಲ್ಲಿ ಓಡಿಕೊಂಡೇ ಬಂದಿದ್ದ. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ದಾರಿಯಲ್ಲೆಲ್ಲೋ ಉಳಿದಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಉಸಿರಿಗೆ ತಡಕಾಡಿ, "ಅಕ್ಕಾ, ಮಗು ತುಟಿ ನೀಲಿ ಆಗಿದೆ, ದವಾಖಾನೆಗೆ ಎತ್ಕೊಂಡು ಹೋಗಿದ್ದಾಳೆ" ಅಂದ.

ಅವಳು ಹಾಲಿನ ತಂಬಿಗೆಯನ್ನು ಹಸುವಿನ ಕಾಲಿಗೆ ಸಿಗದಷ್ಟು ದೂರ ಸರಿಸಿ ಎದ್ದಳು. ಮಗಳನ್ನು ಕೂಗಿ ಉಳಿದ ಹಾಲು ಕರೆಯಲು ಹೇಳಿದಳು. ಮಗಳು ಕಣ್ಣುಜ್ಜಿಕೊಂಡು ಬಂದು, ಚಿಕ್ಕಪ್ಪನ ಬರಿಗಾಲನ್ನೊಮ್ಮೆ, ಅಮ್ಮನ ಮುಖವನ್ನೊಮ್ಮೆ ನೋಡಿ, ಏನೋ ಕೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡು ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

ಆ ಹುಡುಗಿ ಹಾಗೇ. ಅವಳ ಅಜ್ಜಿ ಅವಳನ್ನು 'ನಿಧಾನಿ' ಅಂತ ಕರೆಯುತ್ತಿದ್ದಳು, ಈಗ ಎಲ್ಲರ ಬಾಯಲ್ಲೂ ಅದೇ ಹೆಸರು. ಬೇರೆ ಮಕ್ಕಳು ಪ್ರಶ್ನೆಗಳನ್ನು ಕಡಲೆಕಾಯಿ ಸಿಪ್ಪೆಯ ಹಾಗೆ ಉದುರಿಸುತ್ತಾ ಓಡಾಡಿದರೆ, ಇವಳು ಒಂದೇ ಪ್ರಶ್ನೆಯನ್ನು ಬಾಯೊಳಗೆ ಇಟ್ಟುಕೊಂಡು ವಾರಗಟ್ಟಲೆ ಚೀಪುತ್ತಾಳೆ. ಕೇಳಿದರೆ ಕೇಳಿದಳು, ಇಲ್ಲದಿದ್ದರೆ ನುಂಗಿಬಿಟ್ಟಳು.

ಅವಳು, ಮೇಲಿನ ಮನೆಯ ಸೊಸೆ, ಕೈ ತೊಳೆದುಕೊಳ್ಳದೇ ಇಳಿಜಾರಿನಲ್ಲಿ ಓಡಿದಳು. ಆ ಗುಡ್ಡದಲ್ಲಿ ಅವಳಿಗೆ ಬೇರೆ ಗುರುತೇ ಇರಲಿಲ್ಲ. ಮೋಡದಜ್ಜಿಯ ಸೊಸೆ, ಅಷ್ಟೇ. ಅವಳ ಅತ್ತೆ ಗುಡ್ಡಕ್ಕೆಲ್ಲ ಮೋಡದಜ್ಜಿ.

ಕೆಳಗಿನ ರಸ್ತೆಯ ಅಂಚಿನಲ್ಲಿರುವ ಒಂದೇ ಕೋಣೆಯ ದವಾಖಾನೆಯಲ್ಲಿ ತಂಗಿ ಮಗುವನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಗಂಡು ಮಗು, ಇನ್ನೂ ಕತ್ತು ಸರಿಯಾಗಿ ನಿಲ್ಲದ ಕೂಸು. ತುಟಿ ಮಾತ್ರವಲ್ಲ, ಉಗುರಿನ ಬುಡವೂ ನೇರಳೆ ಹಣ್ಣು ತಿಂದವರ ನಾಲಿಗೆಯ ಬಣ್ಣಕ್ಕೆ ತಿರುಗಿತ್ತು. ಅಳಲೂ ಬೇಸರ ಅನ್ನುವಂತೆ ಸುಮ್ಮನೆ ಬಿದ್ದುಕೊಂಡಿತ್ತು. ನರ್ಸಮ್ಮ ಮಗುವಿನ ಮೂಗಿಗೆ ಆಮ್ಲಜನಕದ ಕೊಳವೆ ಹಿಡಿದು, ಪೇಟೆಯ ದೊಡ್ಡಾಸ್ಪತ್ರೆಗೆ ಫೋನು ಮಾಡಿ ಗಾಡಿ ಕರೆಸಿ, ಆಮೇಲೆ ಒಂದೊಂದಾಗಿ ಕೇಳತೊಡಗಿದಳು. ಎದೆಹಾಲೋ ಬಾಟಲಿಯೋ? ಜ್ವರ ಬಂದಾಗಿನಿಂದ ಎದೆಹಾಲು ಬತ್ತಿ ಬಾಟಲಿಗೆ ಬಿದ್ದಿದೆ. ಹಾಲಿನ ಪುಡಿ ಕಲಸುವ ನೀರು ಎಲ್ಲಿಯದು? ಮನೆಯ ಹಿಂದಿನ ಒರತೆಯದು.

ತಂಗಿಗೆ ಅಲ್ಲಿ ರೋಷ ಉಕ್ಕಿತು. ಯಾರೋ ತನ್ನನ್ನು ಕೊಳಕಿ ಅಂದ ಹಾಗಾಯಿತು ಅವಳಿಗೆ. ತಾನು ಎಂದೂ ಹಸಿ ನೀರು ಕೊಟ್ಟವಳಲ್ಲ, ಬೆಳಿಗ್ಗೆ ಕುದಿಸಿಟ್ಟ ನೀರನ್ನೇ ಸಂಜೆ ಮತ್ತೆ ಕುದಿಸುತ್ತೇನೆ, ಪಾತ್ರೆಯ ತಳ ಕಾಣುವವರೆಗೆ ಕುದಿಸುತ್ತೇನೆ ಅಂದಳು.

ನರ್ಸಮ್ಮ ತಂಗಿಯ ಭುಜದ ಮೇಲೆ ಕೈಯಿಟ್ಟು, "ಕ್ರಿಮಿ ಇದ್ರೆ ಕುದಿಸಿದಾಗ ಸಾಯುತ್ತೆ ಕಣಮ್ಮ. ಇದು ಕ್ರಿಮಿ ಅಲ್ಲ, ಗೊಬ್ಬರದ ಉಪ್ಪು. ಕುದಿಸಿದಷ್ಟೂ ನೀರು ಆವಿಯಾಗುತ್ತೆ, ಉಪ್ಪು ಪಾತ್ರೆಯಲ್ಲೇ ಉಳಿದು ಗಟ್ಟಿಯಾಗುತ್ತೆ. ನಿನ್ನ ತಪ್ಪಲ್ಲ. ನಿನಗೆ ಯಾರೂ ಹೇಳಿರಲಿಲ್ಲ" ಅಂದಳು.

ತಂಗಿ ಮಗುವಿನ ಚೀಲದಲ್ಲಿ ತಂದಿದ್ದ ನೀರಿನ ಬಾಟಲಿಗೆ ನರ್ಸಮ್ಮ ಒಂದು ಕಾಗದದ ಪಟ್ಟಿ ಅದ್ದಿ ಎತ್ತಿ ಹಿಡಿದಳು. ಪಟ್ಟಿಯ ತುದಿ ಮೆಲ್ಲಗೆ ಗುಲಾಬಿಯಾಯಿತು, ಗುಲಾಬಿ ಕೆಂಪಾಯಿತು, ಕೆಂಪು ಬೀಟ್‌ರೂಟಿನ ರಸದಂತೆ ಕಡುವಾಗಿ ನಿಂತಿತು. ದೊಡ್ಡವರ ಹೊಟ್ಟೆ ಇದನ್ನು ಹೇಗೋ ತಾಳಿಕೊಳ್ಳುತ್ತದೆ, ಎಳೆ ಕೂಸಿನ ರಕ್ತ ತಾಳುವುದಿಲ್ಲ, ಉಸಿರು ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ ಎಂದು ಹೇಳಿ, ಆ ಒರತೆಯ ಮೇಲ್ಗಡೆ ಯಾರ ಹೊಲ ಇದೆ ಎಂದು ಕೇಳಿದಳು.

ತಂಗಿ ಅಕ್ಕನ ಮುಖ ನೋಡಿದಳು. ತಂಗಿಯ ಗಂಡ ನೆಲ ನೋಡಿದ.

"ನಮ್ಮದು" ಅಂದಳು ಸೊಸೆ.

*

ಮಗು ಉಳಿಯಿತು. ಪೇಟೆಯ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಮದ್ದು ಕೊಟ್ಟ ಮೇಲೆ, ಒಲೆಯೊಳಗಿನ ಕೆಂಡಕ್ಕೆ ಗಾಳಿ ಹಾಕಿದ ಹಾಗೆ ತುಟಿಗೆ ಬಣ್ಣ ಮರಳಿತಂತೆ. ತಂಗಿ ಅದನ್ನು ಹೇಳಿ ಹೇಳಿ ಅತ್ತಳು. ಆದರೆ ಆ ಒರತೆಯ ನೀರು ಮಗುವಿನ ಬಾಯಿಗೆ ಬೀಳಕೂಡದು ಎಂದು ದೊಡ್ಡ ಡಾಕ್ಟರು ಖಂಡಿತವಾಗಿ ಹೇಳಿ ಕಳಿಸಿದ್ದರು. ಕೆಳಗಿನ ಮನೆಗೆ ಬೇರೆ ನೀರಿಲ್ಲ. ಹೀಗಾಗಿ ತಂಗಿ ಮಗುವನ್ನೆತ್ತಿಕೊಂಡು ಅಕ್ಕನ ಮನೆಗೇ ಬಂದಳು. ಮೇಲಿನ ಮನೆಗೆ ನೀರು ಬರುವುದು ಹೊಲಗಳಿಗಿಂತಲೂ ಮೇಲಿನ ಬಂಡೆಗಳ ಸಂದಿನಿಂದ, ಕೊಳವೆಯಲ್ಲಿ. ನರ್ಸಮ್ಮನ ಪಟ್ಟಿ ಅದರಲ್ಲಿ ಬೆಳ್ಳಗೇ ಉಳಿದಿತ್ತು.

ಅಂದರೆ ತಾವು ಒಳ್ಳೆಯ ನೀರು ಕುಡಿದು, ಕೈ ತೊಳೆದ ನೀರನ್ನು ಕೆಳಗಿನವರಿಗೆ ಕುಡಿಸಿದ ಹಾಗಾಯಿತು. ಈ ಮಾತು ಸೊಸೆಯ ತಲೆಯೊಳಗೆ ಕೂತುಬಿಟ್ಟಿತು. ಪಾತ್ರೆ ತಿಕ್ಕುವಾಗಲೂ ಅದೇ, ಕ್ಯಾಬೇಜಿನ ಹೊರಗಿನ ಎಲೆ ಕಿತ್ತು ಹಸುವಿಗೆ ಹಾಕುವಾಗಲೂ ಅದೇ.

ಮಗು ಬಂದ ದಿನದಿಂದ ಮೋಡದಜ್ಜಿಗೆ ಕಾಲುನೋವು ಮರೆತುಹೋಯಿತು. ಅದಕ್ಕೆ ಬಿಸಿನೀರು ಕಾಯಿಸುವವಳು ಅವಳೇ, ಕಾಲಮೇಲೆ ಮಲಗಿಸಿಕೊಂಡು ಮೀಯಿಸುವವಳು ಅವಳೇ. "ನಮ್ಮ ನಿಧಾನಿ ಹುಟ್ಟಿದಾಗ ಇಷ್ಟು ದನಿ ಇರಲಿಲ್ಲ. ಇವನು ನೋಡು, ಸಂತೆಯಲ್ಲಿ ಕೂಗೋಕೆ ಈಗಲೇ ಲಾಯಕ್ಕು" ಅನ್ನುತ್ತಿದ್ದಳು. ಮಗುವಿಗೆ ಏನಾಗಿತ್ತು ಎಂದು ಅವಳಿಗೆ ಗೊತ್ತಿತ್ತು, ನೀರಿನಿಂದ ಆಯಿತೆಂದೂ ಗೊತ್ತಿತ್ತು. ಆ ನೀರಿಗೆ ಅದು ಎಲ್ಲಿಂದ ಬಂತೆಂಬುದನ್ನು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ?

ಆ ಗುಡ್ಡದ ಬೇಸಾಯವೆಲ್ಲ ನಡೆಯುತ್ತಿದ್ದದ್ದು ಮೋಡದಜ್ಜಿಯ ಮೂಗಿನ ಮೇಲೆ. ಅವಳು ಬೆಳಿಗ್ಗೆ ಜಗಲಿಗೆ ಬಂದು ಗಾಳಿಯನ್ನೊಮ್ಮೆ ಎಳೆದುಕೊಂಡು, ಎದುರಿನ ಶಿಖರದ ಮೇಲೆ ಮೋಡ ಹೇಗೆ ಕೂತಿದೆ, ಇರುವೆಗಳು ಮೊಟ್ಟೆ ಹೊತ್ತು ಎತ್ತ ಹೊರಟಿವೆ ಎಂದು ನೋಡಿ, ತನ್ನ ಎಡ ಮಂಡಿಯನ್ನೂ ಒಂದು ಮಾತು ಕೇಳಿಕೊಂಡು, ಇವತ್ತು ಮಳೆ ಅಂದರೆ ಮಳೆಯೇ. ಗೊಬ್ಬರ ಹಾಕುವ ಕಾಲದಲ್ಲಿ ಹಾಗೆ ಅನ್ನಿಸಿದ ದಿನ ಖಾಲಿ ಗೊಬ್ಬರದ ಹಳದಿ ಚೀಲವೊಂದನ್ನು ಅಂಗಳದ ಕಂಬಕ್ಕೆ ಏರಿಸಿಬಿಡುತ್ತಿದ್ದಳು. ಅದು ಗುಡ್ಡದ ಎಲ್ಲ ಮನೆಗಳಿಗೂ ಕಾಣುತ್ತಿತ್ತು. ಚೀಲ ಕಂಡ ಕೂಡಲೇ ಆಲೂಗಡ್ಡೆ, ಕ್ಯಾಬೇಜು, ಕ್ಯಾರೆಟ್ಟಿನ ಹೊಲಗಳಿಗೆ ಜನ ಬುಟ್ಟಿ ಹಿಡಿದು ಓಡುತ್ತಿದ್ದರು. ಬೇಗ ಬೇಗ ಬಿಳಿ ಗೊಬ್ಬರ ಎರಚಿ ಮುಗಿಸಿ ಮನೆ ಸೇರುವುದಕ್ಕೂ ಹನಿ ಬೀಳುವುದಕ್ಕೂ ಸರಿಹೋಗುತ್ತಿತ್ತು. ಮಳೆಯೇ ಗೊಬ್ಬರವನ್ನು ಕರಗಿಸಿ ಬೇರಿಗೆ ಉಣ್ಣಿಸುತ್ತದೆ, ನೀರು ಹೊತ್ತು ಏರುವ ಕಷ್ಟವಿಲ್ಲ, ಎಲೆ ಸುಡುವ ಭಯವಿಲ್ಲ. ಬೇರೆ ಗುಡ್ಡದವರು ಆಕಾಶ ನೋಡಿ ಮೋಸ ಹೋಗುತ್ತಾರೆ, ನಮಗೆ ಮೋಡದಜ್ಜಿ ಇದ್ದಾಳೆ ಅಂತ ಇಲ್ಲಿಯವರು ಬೀಗುತ್ತಿದ್ದರು.

ಹೊಲದ ಸಾಲುಗಳೆಲ್ಲ ಮೇಲಿನಿಂದ ಕೆಳಕ್ಕೆ ಜಾರುಬಂಡಿಯ ಹಾಗೆ ಇದ್ದವು. ಅಡ್ಡ ಸಾಲು ಹಾಕಿದರೆ ನೀರು ನಿಂತು ಗೆಡ್ಡೆ ಕೊಳೆಯುತ್ತದೆ ಅನ್ನುವ ಹೆದರಿಕೆ. ಗೊಬ್ಬರ ಹೊತ್ತ ಮಳೆನೀರಿಗೆ ಕೆಳಗಿನ ತೊರೆಗೆ ಹೋಗುವ ದಾರಿಯನ್ನು ತಾವೇ ಗುದ್ದಲಿ ಹಿಡಿದು ತೋಡಿಕೊಟ್ಟಿದ್ದರು. ತೊರೆಯ ಕಲ್ಲುಗಳ ಮೇಲೆ ಹಸಿರು ಲೋಳೆ ಕಟ್ಟಿ ಕಾಲಿಟ್ಟರೆ ಜಾರತೊಡಗಿ ಬಹಳ ಕಾಲವಾಗಿತ್ತು. ಕೆಳಗಿನ ಕೆರೆಯಲ್ಲಿ ಬಟಾಣಿ ಅರೆದು ಚೆಲ್ಲಿದ ಹಾಗೆ ಪಾಚಿ ತೇಲುತ್ತಿತ್ತು, ಬೇಸಿಗೆಯಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ದಡಕ್ಕೆ ಬರುತ್ತಿದ್ದವು. ಜನ ಮೂಗು ಮುಚ್ಚಿಕೊಂಡು ಬಿಸಿಲಿನ ಕಾಟ ಅನ್ನುತ್ತಿದ್ದರು.

ಮೋಡದಜ್ಜಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಕಂಕುಳಲ್ಲಿ ಮಗು, ಕೈಯಲ್ಲಿ ಗುದ್ದಲಿ. ಆ ದಿನಗಳಲ್ಲಿ ಅವಳ ಮನೆಯ ಕಡೆ ತಲೆ ಹಾಕದಿದ್ದವರು, ಅವಳಿಗೆ ಮಳೆ ತಿಳಿಯುತ್ತದೆ ಎಂದು ಗೊತ್ತಾದ ಮೇಲೆ ಅಂಗಳಕ್ಕೆ ಬಂದು ಚಪ್ಪಲಿ ಬಿಟ್ಟು ನಿಂತರು. ಅತ್ತೆ ಅದನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಚೀಲ ಏರಿಸುವ ದಿನ ಅವಳ ಬೆನ್ನು ನೆಟ್ಟಗಾಗುವುದನ್ನು ಸೊಸೆ ಎಷ್ಟೋ ಸಲ ನೋಡಿದ್ದಳು. ಅವಳಿಗೆ ಈಗ ಹೋಗಿ, ನಿಮ್ಮ ಚೀಲವೇ ಈ ಮಗುವಿನ ತುಟಿಗೆ ನೀಲಿ ಹಚ್ಚಿದ್ದು ಎಂದು ಹೇಳಬೇಕು. ಹೇಳದಿದ್ದರೆ ಇನ್ನು ಕೆಲವೇ ದಿನಕ್ಕೆ ಎರಡನೇ ಗೊಬ್ಬರದ ಹೊತ್ತು. ಮತ್ತೆ ಚೀಲ, ಮತ್ತೆ ಮಳೆ, ಮತ್ತೆ ಒರತೆ. ತಂಗಿ ತನ್ನ ಮನೆಗೆ ಹೋಗುವುದು ಯಾವಾಗ? ಒಂಟಿಯಾಗಿ ಬೇಸತ್ತ ಅವಳ ಗಂಡ, ಮನೆ ಬಿಟ್ಟು ಬೇರೆಲ್ಲಾದರೂ ಹೋಗಿಬಿಡೋಣ ಎಂದು ಆಗಲೇ ಶುರು ಮಾಡಿದ್ದ.

ಮೊದಲು ಗಂಡನಿಗೆ ಹೇಳಿದಳು. ಅವನು ಎಲೆಕೋಸಿನ ಸಸಿಗಳನ್ನು ಆರಿಸಿ ಕಟ್ಟುತ್ತಿದ್ದವನು, ಕಟ್ಟುತ್ತಲೇ ಕೇಳಿದ. ನರ್ಸಮ್ಮನ ಮಾತು ಸುಳ್ಳಿರಲಾರದು ಅಂದ. ಆದರೆ ಇಡೀ ಗುಡ್ಡಕ್ಕೆ ಬುದ್ಧಿ ಹೇಳಲು ನಾವ್ಯಾರು, ಅಮ್ಮನ ಮುಂದೆ ಈ ಮಾತೆತ್ತಲು ತನ್ನಿಂದ ಸಾಧ್ಯವಿಲ್ಲ ಅಂತಲೂ ಅಂದ. ಅಮ್ಮನ ಮುಂದೆ ಬಾಲ ಮಡಚುವುದರಲ್ಲಿ ಆ ಮನೆಯ ನಾಯಿಗಿಂತ ಅವನೇ ಮುಂದು.

"ಹೇಳೋಳು ನಾನು. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ, ಸಾಕು" ಅಂದಳು ಸೊಸೆ. "ಅದಕ್ಕೆ ಮುಂಚೆ ನನಗೆ ಹೊಲದಲ್ಲಿ ಒಂದು ತುಂಡು ಬಿಟ್ಟುಕೊಡಿ. ನನಗೆ ಇಷ್ಟ ಬಂದ ಹಾಗೆ ಮಾಡ್ತೀನಿ."

ಅವನು ಕೊಟ್ಟದ್ದು ತೊರೆಯ ಕಡೆಯ ಮೂಲೆ, ಕಲ್ಲು ಜಾಸ್ತಿ ಇದ್ದ ಜಾಗ. ಅವಳು ಬೇಡ ಅನ್ನಲಿಲ್ಲ.

ಮನೆಗೆಲಸ ಮುಗಿದ ಸಣ್ಣ ಸಣ್ಣ ಹೊತ್ತಿನಲ್ಲಿ ಅವಳು ಆ ಮೂಲೆಗೆ ಹೋದಳು. ಅನ್ನ ಬೇಯಲು ಇಟ್ಟು ಹೋದಳು, ಮಗು ಮಲಗಿದಾಗ ಹೋದಳು. ಆಲೂಗಡ್ಡೆಯ ಸಾಲುಗಳನ್ನು ಅಲ್ಲಲ್ಲಿ ಅಡ್ಡ ಮಣ್ಣು ಹಾಕಿ ಕಟ್ಟಿದಳು, ನೀರು ಓಡದೆ ಮೆಟ್ಟಿಲು ಇಳಿಯುವ ಮುದುಕಿಯ ಹಾಗೆ ನಿಂತು ನಿಂತು ಇಳಿಯಲಿ ಅಂತ. ತೊರೆಯ ಅಂಚಿಗೆ ಉದ್ದಕ್ಕೂ ಒತ್ತಾಗಿ ಹುಲ್ಲಿನ ಬುಡಗಳನ್ನು ನೆಟ್ಟಳು. ತಂಗಿಯೂ ಬಂದು ಕೈ ಹಾಕಿದಳು. ನರ್ಸಮ್ಮ ಯಾವುದೋ ಬೇಸಾಯದ ಕಚೇರಿಯವರನ್ನು ಕೇಳಿ ತಿಳಿದು ಇಷ್ಟನ್ನು ಹೇಳಿಕೊಟ್ಟಿದ್ದಳು. ದೊಡ್ಡ ಮಳೆಗೆ ಮುಂಚೆ ಎರಚಬೇಡಿ. ಮಳೆ ಹೋದ ಮೇಲೆ, ಮಣ್ಣು ಹಸಿಯಿದ್ದು ಮುಂದೆ ನಾಲ್ಕಾರು ದಿನ ಒಣಹವೆ ಇರುವಾಗ, ಗಿಡದ ಪಕ್ಕ ಸಣ್ಣಗೆ ಗೀರಿ ಗೊಬ್ಬರ ಇಟ್ಟು ಮಣ್ಣು ಮುಚ್ಚಿ. ಈಗ ಹಾಕುವುದರ ಅರ್ಧ ಸಾಕು, ಉಳಿದರ್ಧ ಹೇಗೂ ಗಿಡಕ್ಕೆ ಸಿಗುತ್ತಿಲ್ಲ.

ಇದು ನಡೆಯುತ್ತಿರುವಾಗಲೇ ಒಂದು ಬೆಳಿಗ್ಗೆ ಅಂಗಳದ ಕಂಬಕ್ಕೆ ಚೀಲ ಏರಿತು. ಕ್ಯಾಬೇಜಿನವರ ಸರದಿ. ಸೊಸೆ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಈಗ ಹೇಳಬೇಕು ಎಂದು ಹೊಸಿಲವರೆಗೆ ಹೋದಳು. ಜಗಲಿಯ ಮೇಲೆ ಅತ್ತೆ ನೆಟ್ಟನೆಯ ಬೆನ್ನಿನಲ್ಲಿ, ತೊಡೆಯ ಮೇಲೆ ಮಗುವನ್ನಿಟ್ಟುಕೊಂಡು ಚೀಲ ಗಾಳಿಗೆ ಆಡುವುದನ್ನು ಅದಕ್ಕೆ ತೋರಿಸುತ್ತಿದ್ದಳು. ಕೈಯಲ್ಲಿ ಪುರಾವೆಯಿಲ್ಲದೆ ಬರಿ ಮಾತು ಹೊತ್ತುಕೊಂಡು ಹೋಗಿ ಆ ಬೆನ್ನನ್ನು ಬಗ್ಗಿಸಲಾರೆ ಅನ್ನಿಸಿತು. ಹಿತ್ತಿಲಿಗೆ ಹೋಗಿ ಎರಡು ಹಳೆಯ ತೊಟ್ಟಿ ಹೊತ್ತು ತಂದಳು. ಒಂದನ್ನು ಗಂಡ ಎರಚಿದ ಹೊಲದ ನೀರು ಇಳಿಯುವಲ್ಲಿ, ಇನ್ನೊಂದನ್ನು ತನ್ನ ಮೂಲೆಯ ಹುಲ್ಲಿನ ಕೆಳಗೆ ಹೂತಿಟ್ಟಳು.

ಅಜ್ಜಿ ಹೇಳಿದ ಮಳೆ ಅಜ್ಜಿ ಹೇಳಿದಂತೆಯೇ ಬಂತು. ನಿಧಾನಿ ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ತೊಟ್ಟಿಗಳ ಪಕ್ಕ ಕೂತು, ಒಂದರಲ್ಲಿ ಕೆಮ್ಮಣ್ಣಿನ ನೀರು ಧೋ ಎಂದು ತುಂಬುವುದನ್ನೂ, ಇನ್ನೊಂದರಲ್ಲಿ ಸಣ್ಣ ಧಾರೆ ತೊಟ್ಟಿಕ್ಕುವುದನ್ನೂ ನೋಡಿದಳು. ಅಮ್ಮ ಬಂದು ಒಳಗೆ ನಡಿ, ನೆಗಡಿಯಾಗುತ್ತದೆ ಎಂದಾಗ ಬಾಯಿ ತೆರೆದಳು. ಕೇಳೇ, ಏನದು ಅಂದರೆ ತಲೆಯಾಡಿಸಿ, "ಇನ್ನೂ ಆಗಿಲ್ಲ" ಅಂದಳು. ಪ್ರಶ್ನೆ ಇನ್ನೂ ಹಣ್ಣಾಗಿಲ್ಲ ಎಂದು ಅರ್ಥ. ಮಳೆ ಪೂರ್ತಿ ಹೋದ ಮೇಲೆ ತಾಯಿ ಮಗಳು ಕೂಡಿ ಮೂಲೆಯ ಗಿಡಗಳಿಗೆ ಗೊಬ್ಬರ ಇಟ್ಟು ಮಣ್ಣು ಮುಚ್ಚಿದರು. ಆಮೇಲೆ ಬಂದ ಸಣ್ಣ ಮಳೆಯ ನೀರನ್ನೂ ಹಿಡಿದರು.

ದವಾಖಾನೆಯ ಮೇಜಿನ ಮೇಲೆ ನರ್ಸಮ್ಮ ಪಟ್ಟಿಗಳನ್ನು ಸಾಲಾಗಿ ಇಟ್ಟಳು. ಗಂಡನ ಹೊಲದ್ದು ಬೀಟ್‌ರೂಟು. ಮೂಲೆಯದು ಗೊಬ್ಬರಕ್ಕೆ ಮುಂಚೆಯೂ ಆಮೇಲೂ ತಿಳಿ ಗುಲಾಬಿ. ಪೂರ್ತಿ ಬಿಳಿಯಲ್ಲ ಎಂದು ಸೊಸೆಯ ಮುಖ ಬಾಡಿತು. "ಇವತ್ತು ನಿಲ್ಲಿಸಿದ್ರೆ ನಾಳೆ ತಿಳಿಯಾಗಲ್ಲ. ಮಣ್ಣಿನೊಳಗೆ ಹಳೇದು ತುಂಬ ಇದೆ, ಒರತೆ ತೊಳ್ಕೊಂಡು ಬರೋಕೆ ಒಂದೆರಡು ಮಳೆಗಾಲವಾದ್ರೂ ಬೇಕು. ಆದ್ರೆ ನಿಲ್ಲಿಸದೇ ಇದ್ರೆ ಯಾವತ್ತೂ ಆಗಲ್ಲ" ಅಂದಳು ನರ್ಸಮ್ಮ. ಹಾಗಾದರೆ ಇವತ್ತಿಂದಲೇ ಎಣಿಕೆ ಶುರುವಾಗಲಿ ಎಂದು ಸೊಸೆ ಪಟ್ಟಿಗಳನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಏರು ಹತ್ತಿದಳು.

ಅತ್ತೆ ಮಗುವಿಗೆ ಸ್ನಾನ ಮಾಡಿಸಿ ಮೈ ಒರೆಸುತ್ತಿದ್ದಳು. ಸೊಸೆ ಎದುರಿಗೆ ಕೂತು, ಒರೆಸುವುದು ಮುಗಿಯುವವರೆಗೆ ಕಾದಳು. ಆಮೇಲೆ ಮಗುವನ್ನು ತನ್ನ ತೊಡೆಗೆ ತೆಗೆದುಕೊಂಡು, ನರ್ಸಮ್ಮ ಕೇಳಿದ್ದರಿಂದ ಹಿಡಿದು ತೊಟ್ಟಿಯ ನೀರಿನವರೆಗೆ ಎಲ್ಲವನ್ನೂ ಒಂದೂ ಬಿಡದೆ, ಒಂದೂ ಹೆಚ್ಚಿಸದೆ ಹೇಳಿದಳು. ಗಂಡ ಹೇಳಿದಂತೆಯೇ ಬಂದು ಪಕ್ಕದಲ್ಲಿ ನಿಂತ, ಗೋಡೆಯ ಕಡೆ ಮುಖ ಮಾಡಿಯಾದರೂ ನಿಂತ.

ಮೋಡದಜ್ಜಿ ಪಟ್ಟಿಗಳನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ನಾನೇನು ಮಳೆ ತರಿಸಿದ್ನೇ? ಬರೋದನ್ನ ಹೇಳಿದೆ, ಅಷ್ಟೇ."

"ಹೌದು ಅತ್ತೆ. ಅಷ್ಟೇ."

"ಅದೂ ತಪ್ಪು ಅಂತೀಯ."

"ನೀವು ಹೇಳಿದ ಮಳೆ ಒಂದೂ ಸುಳ್ಳಾಗಲಿಲ್ಲ. ನಾವು ಅದನ್ನ ತಿಳ್ಕೊಂಡು ಮಾಡಿದ್ದು ತಪ್ಪು."

ಅತ್ತೆ ಒದ್ದೆ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿ ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ಜಗಲಿಗೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಮಗುವನ್ನು ಮೀಯಿಸಿದಳು, ಅವರೆಕಾಯಿ ಸುಲಿದಳು, ಆದರೆ ಕಿಟಕಿಗೆ ಬೆನ್ನು ಹಾಕಿಕೊಂಡು. ಆಕಾಶದ ಮೇಲೆ ಮುನಿಸಿಕೊಂಡವಳ ಹಾಗೆ. ಆ ಬೆನ್ನು ಬಾಗಿದ್ದನ್ನು ನೋಡಲಾರದೆ ಸೊಸೆ ಒಂದೆರಡು ಸಲ ಹಿತ್ತಿಲಿಗೆ ಹೋಗಿ ಕಣ್ಣೊರೆಸಿಕೊಂಡಳು. ಹಾಗೆಂದು ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಣ್ಣೊರೆಸಿಕೊಂಡ ಕೈಯಲ್ಲೇ ಹುಲ್ಲಿನ ಬುಡ ಹಿಡಿದು ತೊರೆಯ ಅಂಚಿಗೆ ಹೋದಳು.

*

ಆಲೂಗಡ್ಡೆಗೆ ಎರಡನೇ ಗೊಬ್ಬರದ ಹೊತ್ತು ಬಂದೇಬಂತು. ಎದುರಿನ ಶಿಖರದ ಮೇಲೆ ಮೋಡ ಹೊದಿಕೆಯ ಹಾಗೆ ಕೂತಿತ್ತು, ಗಾಳಿ ನಿಂತಿತ್ತು. ಕಂಬ ಮಾತ್ರ ಬರಿದಾಗಿತ್ತು. ಗುಡ್ಡದವರು ಕಾದರು, ಹೊಲದ ಬದುವಿನಿಂದ ಇಣುಕಿದರು, ಕೊನೆಗೆ ಒಬ್ಬೊಬ್ಬರಾಗಿ ಬುಟ್ಟಿ, ಚೀಲ ಹೊತ್ತುಕೊಂಡೇ ಮೋಡದಜ್ಜಿಯ ಅಂಗಳಕ್ಕೆ ಬಂದು ಸೇರಿದರು. ಎಲ್ಲರಿಗಿಂತ ಮುಂದೆ ಕ್ಯಾರೆಟ್ ದೊಡ್ಡಪ್ಪ. ಗುಡ್ಡದಲ್ಲಿ ಮೊದಲು ಕ್ಯಾರೆಟ್ಟು ಹಾಕಿದವನು ಅವನು, ಅವನ ಮೂಗೂ ಹೆಚ್ಚುಕಡಿಮೆ ಅದೇ ಬಣ್ಣ.

"ಏನಜ್ಜೀ, ಮಂಡಿಗೆ ರಜಾನಾ?" ಅಂತ ಅವನು ಅಂಗಳದಿಂದಲೇ ಕೂಗಿದ. ಜನ ನಕ್ಕರು. ಅಜ್ಜಿ ಒಳಗಿಂದ ಬಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಅವಳ ಕಣ್ಣು ತನಗೆ ಬೇಡವೆಂದರೂ ಶಿಖರದ ಕಡೆ ಹೋಯಿತು, ಮೂಗಿನ ಹೊಳ್ಳೆ ಒಮ್ಮೆ ಅರಳಿತು. ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳಬೇಕೋ ಬಾರದೋ ಎಂದು ಮಾತ್ರ ಗೊತ್ತಿರಲಿಲ್ಲ.

ಸೊಸೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಅಂಗಳದ ನಡುವೆ ಬಂದು ನಿಂತಳು. ಅವಳು ಅಷ್ಟು ಜನರೆದುರು ಎಂದೂ ಮಾತಾಡಿದವಳಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಇವತ್ತು ಚೀಲ ಏರುವುದಿಲ್ಲ, ಬೇಡವೆಂದು ಕೇಳಿಕೊಂಡವಳು ತಾನು, ಬೈಯುವುದಾದರೆ ತನ್ನನ್ನು ಬೈಯಿರಿ ಎಂದು ಶುರುಮಾಡಿದಳು. ಮಗುವಿನ ತುಟಿಯ ಬಣ್ಣ ಹೇಳಿದಳು. ತಂಗಿ ನೀರನ್ನು ಎರಡೆರಡು ಸಲ ಕುದಿಸಿದ್ದನ್ನು ಹೇಳಿದಳು. ಪಟ್ಟಿಗಳನ್ನು ಜಗಲಿಯ ಅಂಚಿಗೆ ಇಟ್ಟಳು. ಒಬ್ಬರ ಹೊಲದ ನೀರು ಇನ್ನೊಬ್ಬರ ಬಿಂದಿಗೆಗೆ ಹೋಗುತ್ತದೆ, ನಮಗಿಂತ ಕೆಳಗೆ ಯಾವಾಗಲೂ ಯಾರಾದರೂ ಇದ್ದೇ ಇರುತ್ತಾರೆ ಅಂದಳು. ಬೇಕಾದವರು ಮೂಲೆಯ ಗಿಡಗಳನ್ನು ಬಂದು ನೋಡಬಹುದು, ಅರ್ಧ ಗೊಬ್ಬರದಲ್ಲಿ ಒಂದೂ ಸೊರಗಿಲ್ಲ.

ಜನ ಪಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಅಂಗಳದಲ್ಲಿ ಗುಸುಗುಸು ಎದ್ದಿತು. ತನ್ನ ಎಮ್ಮೆ ತೊರೆಯ ನೀರು ಮೂಸಿ ಬಿಟ್ಟು ಬರುತ್ತದೆ ಎಂದು ಒಬ್ಬಳು ಹೇಳಿದಳು. ಅಪ್ಪನ ಕಾಲದಿಂದ ಹೀಗೇ ಹಾಕಿದ್ದೇವೆ, ಯಾರಿಗೂ ಏನೂ ಆಗಲಿಲ್ಲ ಎಂದು ಇನ್ನೊಬ್ಬ ಅಂದ. ಅಪ್ಪನ ಕಾಲದಲ್ಲಿ ಒಂದು ಚೀಲ ಹಾಕುತ್ತಿದ್ದಿರಿ, ಈಗ ಗಾಡಿಗಟ್ಟಲೆ ಹಾಕುತ್ತೀರಿ ಎಂದು ಅವನ ಹೆಂಡತಿಯೇ ಅವನ ಬಾಯಿ ಮುಚ್ಚಿಸಿದಳು. ಸೊಸೆಯ ಗಂಡ ಕೆಮ್ಮಿ, ನೆಲ ನೋಡುತ್ತಲೇ, ತಾನಂತೂ ಇವತ್ತು ಎರಚುವುದಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಕ್ಯಾರೆಟ್ ದೊಡ್ಡಪ್ಪ ಕೆಟ್ಟವನಲ್ಲ. ಪಟ್ಟಿಯನ್ನು ಬಹಳ ಹೊತ್ತು ನೋಡಿದ, ಅಜ್ಜಿಯ ಹೆಗಲ ಮೇಲಿದ್ದ ಮಗುವನ್ನೂ ನೋಡಿದ. ಆಮೇಲೆ ತಲೆ ಕೆರೆದುಕೊಂಡ.

"ಸರಿ ಕಣಮ್ಮ, ಒಪ್ಪಿದೆ. ಮಳೆಗೆ ಮುಂಚೆ ಹಾಕಿದ್ರೆ ತೊರೆಗೆ ಹೋಗುತ್ತೆ. ಮಳೆ ಬಿಟ್ಟ ಮೇಲೆ ಹಾಕು ಅಂತೀಯ. ಬಿಟ್ಟಿದೆ ಅಂತ ಯಾರು ಹೇಳೋರು? ಹಾಕಿ ಕೈ ತೊಳ್ಕೊಳೋಷ್ಟರಲ್ಲಿ ಇನ್ನೊಂದು ಬಂದು ಬಡಿದ್ರೆ ಮತ್ತೆ ಅದೇ ಕಥೆ. ಕಾಯ್ತಾ ಕೂತು ಮಣ್ಣು ಒಣಗಿಹೋದ್ರೆ ಗಿಡ ಸುಡುತ್ತೆ. ಗೊಬ್ಬರಾನ ನಾವು ತಲೆಗೆ ಹಚ್ಕೊಂಡು ಓಡಾಡೋದಾ?"

ಈ ಸಲ ಯಾರೂ ಅಷ್ಟಾಗಿ ನಗಲಿಲ್ಲ. ಅದು ಎಲ್ಲರ ಹೊಟ್ಟೆಯೊಳಗಿನ ಮಾತಾಗಿತ್ತು. ನಾಲ್ಕಾರು ದಿನ ಒಣಹವೆ ಎಂದು ನರ್ಸಮ್ಮ ಸಲೀಸಾಗಿ ಹೇಳಿದ್ದಳು. ಈ ಗುಡ್ಡದ ಹವೆ ಅದನ್ನು ಕೇಳಿಸಿಕೊಂಡಿರಲಿಲ್ಲ. ಸೊಸೆ ತನ್ನ ಮೂಲೆಗೆ ಗೊಬ್ಬರ ಇಟ್ಟ ದಿನ ಅದೃಷ್ಟ ಚೆನ್ನಾಗಿತ್ತು, ಅಷ್ಟೇ. ಅದನ್ನೇ ಇವರಿಗೆಲ್ಲ ಹೇಗೆ ಕೊಡುವುದು? ಒಬ್ಬಿಬ್ಬರು ಬುಟ್ಟಿಯ ಕಡೆ ಬಗ್ಗಿದರು. ಚೀಲ ಏರದಿದ್ದರೇನು, ಮೋಡ ನಮಗೂ ಕಾಣುತ್ತದೆ ಎಂದು ಹಿಂದಿನಿಂದ ಯಾರೋ ಗೊಣಗಿದರು.

"ನನಗೂ ಗೊತ್ತಿಲ್ಲ ದೊಡ್ಡಪ್ಪ" ಅಂದಳು ಸೊಸೆ. "ಗೊತ್ತಿಲ್ಲ ಅಂತ ಬಿಟ್ಟುಬಿಡೋಕೆ ಆಗಲ್ಲ. ಈ ಒಂದು ಮಳೆ ಬಿಡಿ, ಕೈ ಮುಗೀತೀನಿ. ಅಷ್ಟರೊಳಗೆ ಏನಾದ್ರೂ ದಾರಿ ಹುಡುಕ್ತೀನಿ. ಸಿಗದೇ ಇದ್ರೆ ಮತ್ತೆ ನಿಮ್ಮ ಮುಂದೆ ಇಲ್ಲೇ ಬಂದು ನಿಲ್ತೀನಿ."

ಹೇಳಿ ಅವಳು ಅಲ್ಲೇ ನಿಂತಳು, ಅಂಗಳದಿಂದ ಹೊಲಕ್ಕೆ ಹೋಗುವ ದಾರಿಗೆ ಅಡ್ಡವಾಗಿ. ತಂಗಿ ಬಂದು ಪಕ್ಕದಲ್ಲಿ ನಿಂತಳು. ಯಾರೂ ಅವರನ್ನು ದಾಟಿಕೊಂಡು ಹೋಗಲಿಲ್ಲ, ಯಾರೂ ಬುಟ್ಟಿ ಕೆಳಗಿಡಲೂ ಇಲ್ಲ. ಮೋಡ ಶಿಖರ ಬಿಟ್ಟು ಈ ಕಡೆ ಇಳಿಯತೊಡಗಿತ್ತು.

ಜಗಲಿಯ ಮೂಲೆಯಿಂದ ನಿಧಾನಿ ಎದ್ದಳು. ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿ, ಜನರ ನಡುವೆ ದಾರಿ ಮಾಡಿಕೊಂಡು ಅಜ್ಜಿಯ ಮುಂದೆ ಬಂದು ನಿಂತಳು. ಅವಳ ಬಾಯಿ ಎಂದಿನಂತೆ ತೆರೆಯಿತು. ಸೊಸೆ ಅದು ಎಂದಿನಂತೆ ಮುಚ್ಚಿಕೊಳ್ಳುವುದನ್ನು ಕಾದಳು. ಮುಚ್ಚಿಕೊಳ್ಳಲಿಲ್ಲ.

"ಅಜ್ಜೀ" ಅಂದಳು ನಿಧಾನಿ, "ಮಳೆ ಬರೋದು ನಿನಗೆ ಗೊತ್ತಾಗುತ್ತಲ್ಲ, ಬರದೇ ಇರೋದು ಗೊತ್ತಾಗಲ್ವಾ?"